ಘೋಷಣಾ ಪತ್ರ ಯಾವ ಕವರಿಗೆ? ಅಂಚೆ ಮತದ ನನ್ನ ಅನುಭವ

ನನ್ನ ಓಟು ಇರುವುದು ಶಿರಸಿ ಕ್ಷೇತ್ರದಲ್ಲಿ, ನೌಕರಿ ಕಾರವಾರದಲ್ಲಿ. ಹೈಸ್ಕೂಲ್ ಟೀಚರ್ ಆದ್ದರಿಂದ ಚುನಾವಣೆ ಬಂತೆಂದರೆ ಡ್ಯೂಟಿ ಬರುತ್ತದೆ. ವಿಧಾನಸಭೆಗೆ ನಾನು ಓಟು ಹಾಕುವುದು ಅಂಚೆ ಮತಪತ್ರದಲ್ಲೇ.

2018ರಲ್ಲಿ ಒಂದು ಓಟು ಕಳೆದುಕೊಂಡೆ. ಆಗ ಮತಪತ್ರವನ್ನು ಮನೆಗೆ ತಂದಿದ್ದೆ. ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಕೂತು ಗುರುತು ಹಾಕಿದೆ. ಸಣ್ಣ ಕವರಿನೊಳಗೆ ಮತಪತ್ರದ ಜೊತೆ, ಓಟು ಹಾಕಿದ್ದು ನಾನೇ ಎಂದು ಸಹಿ ಮಾಡಿಕೊಡುವ ಘೋಷಣಾ ಪತ್ರವನ್ನೂ ಸೇರಿಸಿ ಗೋಂದು ಹಚ್ಚಿಬಿಟ್ಟೆ. ಬೆಳಿಗ್ಗೆ ಅಂಚೆ ಡಬ್ಬಿಗೂ ಹಾಕಿ ಬಂದೆ. ಎರಡು ದಿನ ಬಿಟ್ಟು ಸ್ಟಾಫ್ ರೂಮಿನಲ್ಲಿ ಇನ್ನೊಬ್ಬ ಟೀಚರ್ ತಮ್ಮ ಕವರ್ ಅಂಟಿಸುವುದನ್ನು ನೋಡಿದಾಗ ಎದೆ ಧಸಕ್ಕೆಂದಿತು. ಎಣಿಕೆ ಮಾಡುವವರು ಮೊದಲು ಒಡೆಯುವುದು ದೊಡ್ಡ ಕವರು. ಅದರಲ್ಲಿ ಘೋಷಣಾ ಪತ್ರ ಕಾಣಬೇಕು. ಕಾಣದಿದ್ದರೆ ಸಣ್ಣ ಕವರನ್ನು ತೆರೆಯುವುದೇ ಇಲ್ಲ, ಹಾಗೇ ತಿರಸ್ಕಾರ. ಯಾರಿಗೆ ಹಾಕಿದೆ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಆ ಬೇಸರ ನನಗೆ ಬಹಳ ದಿನ ಇತ್ತು.

2023ರಲ್ಲಿ ಹಾಗಾಗಬಾರದು ಅಂತ ಮೊದಲೇ ನಿಶ್ಚಯ ಮಾಡಿದ್ದೆ. ಮೇ 10ಕ್ಕೆ ಮತದಾನ. ಡ್ಯೂಟಿ ಆರ್ಡರ್ ಬಂದ ಕೂಡಲೇ ಅಂಚೆ ಮತಪತ್ರ ಕೇಳುವ ಫಾರಂ 12 ತುಂಬಿಕೊಟ್ಟೆ. ಅದಕ್ಕೆ ಮತದಾರರ ಪಟ್ಟಿಯಲ್ಲಿರುವ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬೇಕು. ಹಳೆಯ ಚೀಟಿ ನೋಡಿ ಬರೆಯಬೇಡಿ. ಪಟ್ಟಿ ಪರಿಷ್ಕರಣೆ ಆದಾಗ ಕ್ರಮ ಸಂಖ್ಯೆ ಬದಲಾಗುತ್ತದೆ. ಚುನಾವಣಾ ಆಯೋಗದ ಆಪ್‌ನಲ್ಲಿ ನೋಡಿಯೇ ಬರೆಯಿರಿ. ಇನ್ನೊಂದು ಮಾತು: ಅಂಚೆ ಮತಪತ್ರ ಕೊಟ್ಟ ಮೇಲೆ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ 'ಪಿಬಿ' (ಪೋಸ್ಟಲ್ ಬ್ಯಾಲೆಟ್) ಎಂದು ಗುರುತು ಬೀಳುತ್ತದೆ. ಆಮೇಲೆ ಡ್ಯೂಟಿ ರದ್ದಾದರೂ ಮತಗಟ್ಟೆಯಲ್ಲಿ ಓಟು ಹಾಕಲು ಬಿಡುವುದಿಲ್ಲ.

ಈ ಸಲ ಮನೆಗೆ ತರಲಿಲ್ಲ, ಚುನಾವಣಾ ತರಬೇತಿ ಜಾಗದಲ್ಲಿ ಡ್ಯೂಟಿಯವರು ಓಟು ಹಾಕಲೆಂದು ಮಾಡಿದ್ದ ಸೌಲಭ್ಯ ಕೇಂದ್ರದಲ್ಲೇ ಓಟು ಹಾಕಿದೆ. ಪೆನ್ನಿನಿಂದ ಗುರುತು ಹಾಕಿ, ಮಡಚಿ, 'ಎ' ಎಂದಿರುವ ಸಣ್ಣ ಕವರಿಗೆ ಮತಪತ್ರ ಒಂದನ್ನೇ ಹಾಕಿದೆ. ಘೋಷಣಾ ಪತ್ರ ಎಂದರೆ 13-ಎ ನಮೂನೆ. ಅದರಲ್ಲಿ ಮತಪತ್ರದ ನಂಬರ್ ಬರೆದು, ಅಧಿಕಾರಿಯ ಎದುರೇ ಸಹಿ ಮಾಡಿ, ಅವರಿಂದ ಅಟೆಸ್ಟ್ ಮಾಡಿಸಿದೆ. ಅದೇ ನಂಬರ್ ಸಣ್ಣ ಕವರಿನ ಮೇಲೂ ಇರಬೇಕು. ಒಂದು ಅಂಕಿ ಆಚೀಚೆ ಆದರೂ ಓಟು ಹೋಯಿತು. ನಾನು ಬೆರಳಿಟ್ಟು ಒಂದೊಂದೇ ಅಂಕಿ ಓದಿದೆ, ಎರಡು ಸಲ. ಹಿಂದೆ ಸಾಲು ಬೆಳೆಯುತ್ತಿತ್ತು, ಬೆಳೆಯಲಿ. ಆಮೇಲೆ ಸಣ್ಣ ಕವರು ಮತ್ತು ಘೋಷಣಾ ಪತ್ರ ಎರಡನ್ನೂ ಬೇರೆ ಬೇರೆಯಾಗಿ 'ಬಿ' ಕವರಿಗೆ ಹಾಕಿ, ಅಂಟಿಸಿ, ಪೆಟ್ಟಿಗೆಗೆ ಬಿಟ್ಟೆ.

ಅದೇ ಚುನಾವಣೆಯಲ್ಲಿ ನನ್ನ ಆಯಿ, ಅಂದರೆ ಅಮ್ಮ, ಮನೆಯಲ್ಲೇ ಅಂಚೆ ಓಟು ಹಾಕಿದಳು. ಆಗ ಅವಳಿಗೆ 82. ಎಂಬತ್ತು ದಾಟಿದವರಿಗೆ, ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ ಆ ಅವಕಾಶ ಇತ್ತು. ಅದಕ್ಕೆ ಫಾರಂ 12-ಡಿ. ಅಧಿಸೂಚನೆ ಹೊರಟು ಐದು ದಿನದೊಳಗೆ ಕೊಡಬೇಕು. ಏಪ್ರಿಲ್ 13ಕ್ಕೆ ಅಧಿಸೂಚನೆ ಬಂತು, ನಮ್ಮ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಮನೆಗೇ ಬಂದು ತುಂಬಿಸಿಕೊಂಡು ಹೋದರು.

ಆಯಿಯ ಓಟು ಪಡೆಯಲು ಅವರು ಮನೆಗೆ ಬಂದ ದಿನ ನಾನೂ ಊರಿನಲ್ಲಿದ್ದೆ. ಸಿಬ್ಬಂದಿ, ಪೊಲೀಸ್, ವಿಡಿಯೊ ತೆಗೆಯುವವರು ತೋಟದ ದಾರಿಯಲ್ಲಿ ನಡೆದೇ ಬಂದರು. ಜಗಲಿಯ ಮೇಲೆ ರಟ್ಟಿನ ಮರೆ ಇಟ್ಟರು. ನಾನು ಅಂಗಳಕ್ಕೆ ಇಳಿದು ಅಡಿಕೆ ಚಪ್ಪರದ ಕೆಳಗೆ ನಿಂತೆ. ಹೆತ್ತ ತಾಯಿಯದ್ದಾದರೂ ಓಟು ಗುಟ್ಟೇ, ಅಲ್ವಾ? ಮರೆಯ ಹಿಂದೆ ಅವಳ ಕೈ ನಡುಗುತ್ತಿತ್ತು, ಆದರೂ ಯಾರ ಸಹಾಯವನ್ನೂ ಕೇಳಲಿಲ್ಲ. ಗೋಂದು ಹಚ್ಚಿದ ಮೇಲೆ ಕವರನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡೇ ಕೂತಳು. "ಅಂಟಿದ್ದಾ ತಂಗಿ?" ಎಂದು ಅಂಗಳದಲ್ಲಿದ್ದ ನನ್ನನ್ನೇ ಕೇಳಿದಳು. 2018ರ ನನ್ನ ಕಥೆ ಅವಳಿಗೆ ಗೊತ್ತಿತ್ತು.

2024ರ ಲೋಕಸಭೆಗೆ ವಯಸ್ಸಿನ ಮಿತಿ 85ಕ್ಕೆ ಏರಿತು. ಆಯಿಗೆ 83. ಮೇ 7ರಂದು ತಮ್ಮನ ಜೀಪಿನಲ್ಲಿ ಊರ ಶಾಲೆಗೆ ಹೋಗಿ ಓಟು ಹಾಕಿ ಬಂದಳು. ಶಿರಸಿ, ಕಾರವಾರ ಎರಡೂ ಒಂದೇ ಲೋಕಸಭಾ ಕ್ಷೇತ್ರ ಆದ್ದರಿಂದ ನನಗೂ ಕವರು ಬೇಕಾಗಲಿಲ್ಲ. ಡ್ಯೂಟಿ ಪ್ರಮಾಣಪತ್ರ ತೋರಿಸಿ, ಕೆಲಸಕ್ಕಿದ್ದ ಮತಗಟ್ಟೆಯಲ್ಲೇ ಯಂತ್ರದ ಗುಂಡಿ ಒತ್ತಿದೆ.