ಹುಡುಗರು ಬರೆದ ಬೇಡಿಕೆ ಕ್ರಿಯಾ ಯೋಜನೆಗೆ ಸೇರಿದ್ದು ಹೀಗೆ

"ಹುಡುಗರು ಗ್ರಾಮಸಭೆಗೆ ಬರಲ್ಲ. ಬಂದರೂ ವಾಲಿಬಾಲ್ ನೆಟ್ ಕೇಳ್ತಾರೆ ಅಷ್ಟೆ." ಈ ಮಾತನ್ನು ನನಗೆ ಹೇಳದವರಿಲ್ಲ. ಹುಡುಗರನ್ನು ಪಂಚಾಯಿತಿ ಸಭೆಗೆ ಕರೆತರುವ ಇದೇ ಕೆಲಸದಲ್ಲಿ ತಲೆ ನರೆತವರೂ ಹೇಳಿದ್ದರು. ಈಗ ನಮ್ಮ ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ, ಅಂದರೆ ವರ್ಷದ ಕಾಮಗಾರಿಗಳ ಪಟ್ಟಿಯಲ್ಲಿ, ಹುಡುಗ ಹುಡುಗಿಯರು ಬರೆದುಕೊಟ್ಟ ನಾಲ್ಕು ಕೆಲಸಗಳಿವೆ. ಊರಿನ ಸಾರ್ವಜನಿಕ ಮರದ ತೋಪಾದ ಗುಂಡುತೋಪನ್ನು ಬೇರೆ ಯಾವುದಕ್ಕೂ ಬಿಟ್ಟುಕೊಡಬಾರದು ಎಂಬ ಠರಾವು ನಡಾವಳಿ ಪುಸ್ತಕದಲ್ಲಿ ಕೂತಿದೆ.

ಮೊದಲ ವರ್ಷ ಎಲ್ಲರೂ ಮಾಡೋದನ್ನೇ ನಾವೂ ಮಾಡಿದೆವು. ಕಾರ್ಯಾಗಾರ, ಬ್ಯಾನರ್, ಟೀ ಶರ್ಟ್, ಊಟ. ಹತ್ತಿರ ಹತ್ತಿರ 40 ಸಾವಿರ ಹೋಯಿತು. ಕೊನೆಗೆ ಉಳಿದದ್ದು ‘ಕೆರೆ ಉಳಿಸಿ’ ಎಂದು ಬರೆದ ಚಾರ್ಟುಗಳು. ಅವನ್ನು ಪಂಚಾಯಿತಿ ಯಾವ ಬಾಬ್ತಿಗೆ, ಅಂದರೆ ಯಾವ ಖರ್ಚಿನ ಲೆಕ್ಕಕ್ಕೆ, ಹಾಕಬೇಕು? ‘ಕೆರೆ ಉಳಿಸಿ’ ಅನ್ನೋದಕ್ಕೆ ಅಂದಾಜು ಪಟ್ಟಿ ಆಗುವುದಿಲ್ಲ. ಆಮೇಲೆ ಸಸಿ ನೆಟ್ಟೆವು, 300ರಷ್ಟು. ದುಡ್ಡು ಕೊಟ್ಟ ಸಂಸ್ಥೆಯವರು ಫೋಟೋ ಆದ ಮೇಲೆ ನೀರಿನ ಟ್ಯಾಂಕರಿಗೆ ಕಾಸು ಬಿಚ್ಚಲಿಲ್ಲ. ಬೇಸಿಗೆ ದಾಟಿದ್ದು ಕಾಲು ಭಾಗ. ಹುಡುಗರಿಗೂ ಬೇಸರ ಬಂತು.

ಅಲ್ಲಿಂದ ಅಭಿಪ್ರಾಯ ಕೇಳೋದನ್ನೇ ಬಿಟ್ಟೆ. ಹುಡುಗರಿಗೆ ಅಳೆಯುವ ಕೆಲಸ ಕೊಟ್ಟೆ. ಫೋನಿನಲ್ಲಿ ದಿಶಾಂಕ್ (ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಸರ್ಕಾರಿ ಆ್ಯಪ್), ಗ್ರಾಮ ನಕ್ಷೆಯ ಜೆರಾಕ್ಸ್, 30 ಮೀಟರ್ ಟೇಪು, ಅಷ್ಟೇ ಸಾಮಾನು. ಕೆರೆಗೆ ನೀರು ತರುವ ಕಾಲುವೆಯ ತಲೆಯಿಂದ ಶುರು ಮಾಡಿ ಕೋಡಿಯವರೆಗೂ ನಡೆದರು. ಎಲ್ಲಿ ಹೂಳು, ಯಾವ ಸರ್ವೆ ನಂಬರ್, ಎಷ್ಟು ಉದ್ದ, ಎಲ್ಲಾ ಬರೆದುಕೊಂಡರು. ಎರಡು ಕಿಲೋಮೀಟರ್‌ನಷ್ಟು ಕಾಲುವೆಯಲ್ಲಿ 600 ಮೀಟರ್ ಹತ್ತಿರ ಮುಚ್ಚಿಯೇ ಹೋಗಿತ್ತು. ಊರಿನ ದೊಡ್ಡವರಿಗೇ ಅದು ಗೊತ್ತಿರಲಿಲ್ಲ!

ಇಲ್ಲಿ ಒಂದು ಎಚ್ಚರ. ‘ಒತ್ತುವರಿ’ ಎಂಬ ಮಾತು ಬಂದರೆ ಸಭೆ ಅಲ್ಲಿಗೇ ಮುಗಿಯುತ್ತದೆ. ಅಳತೆ ಮಾಡಿದ ಹುಡುಗನ ದೊಡ್ಡಪ್ಪನ ಹೊಲವೂ ಅದರಲ್ಲಿರುತ್ತೆ, ಅಲ್ವಾ? ನಾವು ‘ಹೂಳು ತುಂಬಿದ ಭಾಗ’ ಎಂದಷ್ಟೇ ಬರೆದೆವು. ಹದ್ದುಬಸ್ತು, ಅಂದರೆ ಗಡಿ ಗುರುತಿಸೋದು, ಸರ್ವೆಯವರ ಕೆಲಸ, ಹುಡುಗರ ತಲೆಗೆ ಕಟ್ಟಬೇಡಿ.

ಮುಂದಿನದು ದುಡ್ಡಿನ ದಾರಿ. ಆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ (2021-26) ಶೇ 60 ನಿರ್ಬಂಧಿತ, ಅದು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಹೋಗಬೇಕಿತ್ತು. ಮಳೆ ನೀರು ಸಂಗ್ರಹವೂ ಅದರಲ್ಲೇ ಬರುತ್ತಿತ್ತು. ಹೂಳೆತ್ತೋದು ಕೂಲಿ ಕೆಲಸ, ನಾವು ಆಗ ನರೇಗಾದಡಿ ಕೇಳಿದೆವು. ಪ್ರತಿ ಬೇಡಿಕೆಯ ಎದುರು ಸರ್ವೆ ನಂಬರ್, ಉದ್ದ, ಬಾಬ್ತು. ಒಂದೇ ಹಾಳೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಓದಿ, "ಇದನ್ನ ಹೀಗೇ ಎಂಟ್ರಿ ಮಾಡಬಹುದಲ್ರೀ" ಅಂದರು. ಆ ಹಾಳೆಯ ನಮೂನೆಯನ್ನು ಈಗ ಪಕ್ಕದ ಪಂಚಾಯಿತಿಗಳವರು ಕೇಳಿಕೊಂಡು ಬರುತ್ತಿದ್ದಾರೆ.

ಹಾಳೆ ಕೊಡಬೇಕಾದ ಜಾಗ ವಾರ್ಡ್ ಸಭೆ. ಗ್ರಾಮಸಭೆಗೆ ಬರುವ ಹೊತ್ತಿಗೆ ಪಟ್ಟಿ ಮುಕ್ಕಾಲು ಗಟ್ಟಿಯಾಗಿರುತ್ತದೆ. ಮತದಾರರಲ್ಲದ ಪಿಯುಸಿ ಮಕ್ಕಳು ಅಳತೆ ಮಾಡಿದರು. ಮಾತಾಡಿದ್ದು ಅವರ ಅಕ್ಕ, ಅಣ್ಣಂದಿರು. ಅದೇ ಪಟ್ಟಿಯನ್ನು ಮಕ್ಕಳ ಗ್ರಾಮಸಭೆಯಲ್ಲೂ ಓದಿಸಿದೆವು, ಎರಡೂ ನಡಾವಳಿಯಲ್ಲಿ ಬಂದರೆ ತೆಗೆದುಹಾಕೋದು ಕಷ್ಟ. ಬೆಂಗಳೂರಲ್ಲಿ ದುಡಿಯುವ ಹುಡುಗರು ಊರಲ್ಲಿರೋದು ಹಬ್ಬಕ್ಕೆ ಮಾತ್ರ. ಸಭೆಯೂ ಹಬ್ಬದ ಆಸುಪಾಸಿಗೇ ಬಂತು. ದಿನಾಂಕ ಹೇಗೆ ಹೊಂದಿತು ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ.

ಹುಡುಗಿಯರು ಸಭೆಯಲ್ಲಿ ಎದ್ದು ನಿಲ್ಲುತ್ತಿರಲಿಲ್ಲ. ಸುಮ್ನೆ ಒಂದು ಪ್ರಯೋಗ ಅಂತ ವಾಯ್ಸ್ ಮೆಸೇಜ್ ಕಳಿಸಿ ಎಂದೆ. ಕಾಲುವೆಗೆ ಪ್ಯಾಡ್, ಪ್ಲಾಸ್ಟಿಕ್ ಎಲ್ಲಿಂದ ಬೀಳುತ್ತೆ, ಯಾಕೆ ಬೀಳುತ್ತೆ ಎಂದು ಅವರು ಹೇಳಿದಷ್ಟು ನಮ್ಮ ಅಳತೆಯಲ್ಲಿ ಸಿಕ್ಕಿರಲಿಲ್ಲ. ಕಸದ ಗಾಡಿ ಬೇಡಿಕೆ ಹುಟ್ಟಿದ್ದು ಅಲ್ಲಿಂದ. ಮುಂದಿನ ಸಭೆಯಲ್ಲಿ ಅದನ್ನು ಅವರೇ ಎದ್ದು ಓದಿದರು.

ಬಾವಿಗಳ ನೀರಿನ ಮಟ್ಟವನ್ನು ಹಗ್ಗ ಇಳಿಬಿಟ್ಟು ಅಳೆಸಿದ್ದೂ ಉಂಟು, ಅದಿನ್ನೂ ಯಾವುದಕ್ಕೂ ಒದಗಿಲ್ಲ. ಊರಿನ ಗಿಡಮರ, ಪ್ರಾಣಿ ಪಕ್ಷಿಗಳನ್ನು ಬರೆದಿಡುವ ಜೀವವೈವಿಧ್ಯ ದಾಖಲಾತಿ ಮಾತ್ರ ಕೈಹಿಡಿಯಿತು. 2002ರ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ, ದಾಖಲಾತಿ ಇರಬೇಕು. ಹಸಿರು ನ್ಯಾಯಮಂಡಳಿಯ 2020ರ ಗಡುವಿಗೆ ಅವಸರದಲ್ಲಿ ತುಂಬಿದ ಪುಸ್ತಕ ನಮ್ಮಲ್ಲಿ ಬೀರು ಸೇರಿತ್ತು. ಹುಡುಗರು ಅಜ್ಜಿಯರನ್ನು ಕೂರಿಸಿಕೊಂಡು ತೋಪಿನ ಮರ, ಬಳ್ಳಿ, ಹಕ್ಕಿಗಳನ್ನು ಹೊಸದಾಗಿ ಬರೆದರು. ತೋಪಿನ ಠರಾವಿಗೆ ಆ ಪಟ್ಟಿಯೇ ಆಧಾರವಾಯಿತು.

ಈ ಸಲ ಒಟ್ಟು ಖರ್ಚು ಏಳು ಸಾವಿರದ ಒಳಗೆ. ಪೆಟ್ರೋಲು, ಜೆರಾಕ್ಸೇ ಜಾಸ್ತಿ. ನನ್ನ ಜೇಬಿನಿಂದ ಅರ್ಧ, ಹಾಲಿನ ಡೇರಿಯವರಿಂದ ಅರ್ಧ.

ಠರಾವಾದ ಮೇಲೆ ಮನೆಗೆ ಹೋಗಿ ಕೂರಬೇಡಿ. ಕೆಲಸ ಮುಗಿದಾಗ ನಮ್ಮವರು ಅದೇ ಟೇಪು ಹಿಡಿದು ಮತ್ತೆ ಅಳೆದರು. ಪಂಚಾಯಿತಿಯ ಲೆಕ್ಕ, ಕಾಮಗಾರಿಗಳನ್ನು ಜನರೆದುರು ಪರಿಶೀಲಿಸುವ ಜಮಾಬಂದಿಯ ದಿನ, ಕೆಲಸದ ಅಳತೆ ದಾಖಲಾಗಿರುವ ಅಳತೆ ಪುಸ್ತಕ ಕೇಳಿದರು. ಹುಡುಗರ ಅಳತೆ ಅದರಲ್ಲಿದ್ದುದಕ್ಕಿಂತ 40, 50 ಮೀಟರ್ ಕಡಿಮೆ ಬಂತು. ಉಳಿದ ಭಾಗದ ಹೂಳು ಮುಂದಿನ ವಾರವೇ ಎತ್ತಿದರು.