ಕಾವಿಗೆ ಕೂತ ಹೇಂಟೆಯ ಮರ್ಜಿ

ಮೊನ್ನೆ ಸಂಜೆ ಸೊಸೆ ಗಾಬರಿಯಿಂದ ಕರೆದಳು. "ಅತ್ತೆ, ಕಂದು ಹೇಂಟೆಗೆ ಏನೋ ರೋಗ ಬಂದಿದೆ. ಬೆಳಗ್ಗಿನಿಂದ ಸೌದೆ ಕೊಟ್ಟಿಗೆ ಬಿಟ್ಟು ಎದ್ದಿಲ್ಲ, ಕೈ ಹಾಕಿದರೆ ಕುಕ್ಕುತ್ತದೆ." ಹೋಗಿ ನೋಡಿದೆ. ಹಳೆಯ ಗೋಣಿಯ ಮೇಲೆ ದೋಸೆ ಹುಯ್ದ ಹಾಗೆ ಅಗಲವಾಗಿ ಹರಡಿ ಕೂತಿತ್ತು. ಹತ್ತಿರ ಬಗ್ಗಿದರೆ ಕತ್ತಿನ ಗರಿಯೆಲ್ಲ ಕೆದರಿ ಹಾವಿನ ಹಾಗೆ ಬುಸುಗುಟ್ಟಿತು. ಮೆಲ್ಲಗೆ ಹೊಟ್ಟೆಯಡಿ ಕೈ ತೂರಿಸಿದೆ. ಒಂದು ಮೊಟ್ಟೆಯೂ ಇಲ್ಲ. ಇದ್ದದ್ದು ಮೂರು ಸಿಪ್ಪೆಗೋಟು (ಸಿಪ್ಪೆ ಸುಲಿಯದ ಒಣ) ಅಡಿಕೆ, ಆಗ ತಾನೆ ಹಾಕಿದ ಮೊಟ್ಟೆಯಷ್ಟೇ ಬೆಚ್ಚಗೆ.

ಅದು ರೋಗ ಅಲ್ಲ, ಕಾವು. ಇಲ್ಲಿ ಕಾಸರಗೋಡಿನ ಪೆರ್ಲ, ಬದಿಯಡ್ಕದ ಕಡೆ ನಮ್ಮ ಮಲಯಾಳಿ ನೆರೆಯವರು ಇದಕ್ಕೆ 'ಅಡ' ಅನ್ನುತ್ತಾರೆ. ಊರ ಕೋಳಿ ಹತ್ತು ಹದಿನೈದು ಮೊಟ್ಟೆ ಹಾಕಿದ ಮೇಲೆ ಅದರ ಮೈಯಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ; ಮೊಟ್ಟೆ ನಿಲ್ಲುತ್ತದೆ, ಕೂರುವ ಹಟ ಬರುತ್ತದೆ. ಅಡಿಯಲ್ಲಿ ಮೊಟ್ಟೆ ಇದೆಯೋ ಅಡಿಕೆ ಇದೆಯೋ ಅದು ನೋಡುವುದಿಲ್ಲ. ಹೆಚ್ಚು ಮೊಟ್ಟೆಗೆಂದೇ ಬೆಳೆಸಿದ ಬಿಳಿ ಲೆಗ್‌ಹಾರ್ನ್ ಜಾತಿಯಲ್ಲಿ ಈ ಗುಣ ಹೆಚ್ಚುಕಡಿಮೆ ಹೋಗಿಯೇ ಬಿಟ್ಟಿದೆ. ಹಾಗಾಗಿ ಹಿತ್ತಿಲಲ್ಲಿ ಕಾವಿಗೆ ಕೂರುವ ಒಂದು ಹೇಂಟೆ ಇದ್ದರೆ ಬಯ್ಯಬೇಡಿ, ಅದು ಮನೆಯ ಸೊತ್ತು.

ನಾನು ಸೊಸೆಗೆ ಹೇಳಿದ್ದು ಒಂದೇ: ಇವತ್ತೇ ತೀರ್ಮಾನ ಮಾಡು. ಮರಿ ಬೇಕಾ, ಬೇಡವಾ? ಎರಡು ದಿನ ಸುಮ್ಮನಿದ್ದು, ಮೂರನೇ ದಿನ ಎಳೆದು ಅಂಗಳಕ್ಕೆ ಬಿಸಾಡಿ, ಐದನೇ ದಿನ ಕನಿಕರ ಬಂದು ನಾಲ್ಕು ಮೊಟ್ಟೆ ಇಡುವವರನ್ನು ಬಹಳ ನೋಡಿದ್ದೇನೆ. ಅದರಿಂದ ಕೋಳಿ ಸೊರಗುತ್ತದೆ, ಮರಿಯೂ ಆಗುವುದಿಲ್ಲ.

ಮರಿ ಬೇಡವಾದರೆ ಕೂರುವ ಜಾಗದ ಬಿಸಿ ತೆಗೆಯಬೇಕು. ಬಲೆಯ ತಳ ಇರುವ ಗೂಡನ್ನು ನಾಲ್ಕು ಕಲ್ಲಿನ ಮೇಲೆ ಎತ್ತರಿಸಿ, ಹುಲ್ಲು ಹಾಕದೆ, ಕೋಳಿಯನ್ನು ಅದರಲ್ಲಿ ಬಿಡಿ. ಅಡಿಯಿಂದ ಗಾಳಿ ಆಡಿ ಹೊಟ್ಟೆ ತಣ್ಣಗಾದರೆ ಮೂರು ನಾಲ್ಕು ದಿನಕ್ಕೆ ಹಟ ಇಳಿಯುತ್ತದೆ. ತಿನ್ನಲು, ಕುಡಿಯಲು ಧಾರಾಳ ಕೊಡಿ. ನೀರಿನಲ್ಲಿ ಮುಳುಗಿಸುವುದು, ಮೂಗಿನ ತೂತಿಗೆ ಗರಿ ಚುಚ್ಚುವುದು ಇವೆಲ್ಲ ನಮ್ಮ ಹಿರಿಯರು ಮಾಡುತ್ತಿದ್ದರು. ದಯವಿಟ್ಟು ನೀವು ಮಾಡಬೇಡಿ. ಬಾಯಿ ಬಾರದ ಜೀವಕ್ಕೆ ಅದು ಹಿಂಸೆ.

ಮರಿ ಬೇಕೆಂದಾದರೆ ಹೆಡಿಗೆಯ ತಳಕ್ಕೆ ಎರಡು ಹಿಡಿ ಒಣ ಮಣ್ಣು, ಮೇಲೆ ಮೆತ್ತಗಿನ ಬೈಹುಲ್ಲು, ನಡುವೆ ಬಟ್ಟಲಿನಷ್ಟು ತಗ್ಗು. ಕೋಳಿಯನ್ನು ಹಗಲು ಜಾಗ ಬದಲಿಸಲು ಹೋಗಬೇಡಿ, ಎದ್ದು ಹಳೆಯ ಜಾಗಕ್ಕೇ ಓಡುತ್ತದೆ. ರಾತ್ರಿ ಕತ್ತಲಲ್ಲಿ ಎತ್ತಿ ಇಟ್ಟರೆ ಬೆಳಗ್ಗೆ ಅಲ್ಲೇ ಇರುತ್ತದೆ. ಎತ್ತುವಾಗ ಮೊದಲು ಎರಡೂ ರೆಕ್ಕೆ ಸ್ವಲ್ಪ ಸರಿಸಿ ನೋಡಿ. ರೆಕ್ಕೆಯಡಿ ಮೊಟ್ಟೆ ಸಿಕ್ಕಿಕೊಂಡಿದ್ದರೆ ಜಾರಿ ಬಿದ್ದು ಒಡೆಯುತ್ತದೆ. ಮೊಟ್ಟೆ ಒಂದು ವಾರಕ್ಕಿಂತ ಹಳತು ಬೇಡ, ನಮ್ಮ ಸಣ್ಣ ಊರ ಕೋಳಿಗೆ ಹತ್ತು ಹನ್ನೆರಡು ಸಾಕು. ಗುಡುಗಿಗೆ ಮೊಟ್ಟೆ ಕೆಡದಂತೆ ನನ್ನ ಅತ್ತೆ ಒಂದು ಕಬ್ಬಿಣದ ಮೊಳೆ ಮತ್ತು ಮಸಿಯ (ಇದ್ದಿಲಿನ) ತುಂಡು ಇಡುತ್ತಿದ್ದರು. ನಾನು ಕಂಡಂತೆ ಮೊಟ್ಟೆ ಕೆಡುವುದು ಗುಡುಗಿಗಲ್ಲ, ಸೂರು ಸೋರಿ ಗೂಡು ಒದ್ದೆಯಾಗಿ. ಅದಕ್ಕೇ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನಾನು ಕಾವಿಗೆ ಇಡುವುದಿಲ್ಲ, ಆ ಥಂಡಿಗೆ ಮರಿ ಉಳಿಯುವುದು ಕಷ್ಟ.

ಇನ್ನು ದಿನಕ್ಕೊಮ್ಮೆ ಆ ಹೇಂಟೆ ಹೊರಗೆ ಬರುವ ಚಂದ ನೋಡಬೇಕು. ಮೈಯ ಗರಿಯೆಲ್ಲ ಉಬ್ಬಿಸಿ ಎರಡು ಪಾಲು ದೊಡ್ಡದಾಗಿ, "ಕ್ಲಕ್ ಕ್ಲಕ್" ಅನ್ನುತ್ತಾ ಅಂಗಳಕ್ಕೆ ಇಳಿಯುತ್ತದೆ. ಎದುರು ಬಂದ ಹುಂಜನನ್ನೂ ಅಟ್ಟುತ್ತದೆ. ದಿನವಿಡೀ ತಡೆದುಕೊಂಡ ಹಿಕ್ಕೆಯನ್ನು ಒಂದೇ ಸಲ ಹಾಕುತ್ತದೆ. ನೆಲ್ಲಿಕಾಯಿ ಗಾತ್ರ, ಬಾವಿಕಟ್ಟೆಯವರೆಗೆ ವಾಸನೆ! ಗೂಡು ಹೊಲಸಾಗಬಾರದೆಂದು ಅದು ಅಷ್ಟು ಹೊತ್ತು ತಡೆಯುತ್ತದೆ. ಆಮೇಲೆ ಗಬಗಬ ತಿಂದು, ನೀರು ಕುಡಿದು, ಬೂದಿಯಲ್ಲಿ ಹೊರಳಿ, ಕಾಲು ಗಂಟೆ ಇಪ್ಪತ್ತು ನಿಮಿಷದಲ್ಲಿ ವಾಪಸು. ಒಲೆಯ ತಣ್ಣಗಿನ ಬೂದಿ, ಹೊಯ್ಗೆ (ಮರಳು) ಬೆರೆಸಿ ಒಂದು ಮೂಲೆಯಲ್ಲಿ ಯಾವಾಗಲೂ ಇಟ್ಟಿರಿ. ಕೂತಲ್ಲೇ ಕೂತ ಕೋಳಿಗೆ ಹೇನು ಬೇಗ ಹತ್ತುತ್ತದೆ. ಒಂದು ದಿನ ಪೂರ್ತಿ ಏಳದಿದ್ದರೆ ನೀವೇ ಎತ್ತಿ ನೀರಿನ ಬಳಿ ಬಿಡಿ. ಕೆಲವು ಹೇಂಟೆಗಳು ಮಕ್ಕಳ ಚಿಂತೆಯಲ್ಲಿ ಹಸಿವನ್ನೇ ಮರೆಯುತ್ತವೆ.

ಒಂದು ಕೆಲಸ ಮಾತ್ರ ಮರೆಯಬೇಡಿ, ನಾನು ಮರೆತು ನಷ್ಟ ಮಾಡಿಕೊಂಡಿದ್ದೇನೆ. ಕಾವಿಗೆ ಇಡುವ ಪ್ರತಿ ಮೊಟ್ಟೆಗೂ ಪೆನ್ಸಿಲಿನಲ್ಲಿ ಗುರುತು ಹಾಕಿ. ಬೇರೆ ಹೇಂಟೆಗಳಿಗೆ ಯಾರೋ ಕೂತಿರುವ ಗೂಡೇ ಇಷ್ಟ. ಇವಳನ್ನು ಒತ್ತಿ, ಮೈಮೇಲೇ ಹತ್ತಿ ಕೂತು, ಮೊಟ್ಟೆ ಹಾಕಿ ಹೋಗುತ್ತವೆ. ಇವಳು ಅದನ್ನೂ ಕೊಕ್ಕಿನಿಂದ ಎಳೆದು ಹೊಟ್ಟೆಯಡಿ ಸೇರಿಸಿಕೊಳ್ಳುತ್ತಾಳೆ. ಒಮ್ಮೆ ನಾನು 11 ಇಟ್ಟದ್ದು, 21ನೇ ದಿನ ಎಣಿಸಿದರೆ 17. ಮೈಗೆ ಸಾಲದೆ ಅಂಚಿನವು ತಣ್ಣಗಾಗಿದ್ದವು. ಐದು ಮರಿ ಹೊರಬಂದವು, ಎರಡು ದಿನ ಕಾದು ತಾಯಿ ಅವನ್ನು ಕರಕೊಂಡು ಇಳಿದೇ ಬಿಟ್ಟಿತು. ಉಳಿದ ಮೊಟ್ಟೆಗಳಲ್ಲಿ ಅರ್ಧ ಬೆಳೆದ ಮರಿಗಳಿದ್ದವು. ಅವನ್ನು ತೆಂಗಿನ ಬುಡದಲ್ಲಿ ಹೂಳುವಾಗ ಕಣ್ಣಲ್ಲಿ ನೀರು ಬಂತು. ಅಂದಿನಿಂದ ಪ್ರತಿ ಸಂಜೆ ಗುರುತಿಲ್ಲದ ಮೊಟ್ಟೆ ತೆಗೆಯದೆ ನಾನು ದೀಪ ಹಚ್ಚುವುದಿಲ್ಲ.

ಏಳನೇ ರಾತ್ರಿ ಕತ್ತಲೆ ಕೋಣೆಯಲ್ಲಿ ಟಾರ್ಚಿನ ಬಾಯಿಗೆ ಮೊಟ್ಟೆ ಹಿಡಿದು ನೋಡಿ. ಜೇಡನ ಬಲೆಯಂತೆ ಕೆಂಪು ನರ ಕಂಡರೆ ಜೀವ ಇದೆ, ಬರೀ ತಿಳಿಯಾಗಿದ್ದರೆ ತೆಗೆಯಿರಿ. ಹದಿನೆಂಟನೇ ದಿನದಿಂದ ಮಾತ್ರ ಗೂಡಿಗೆ ಕೈ ಹಾಕಬೇಡಿ.

ಇಪ್ಪತ್ತನೇ ರಾತ್ರಿ ನಾನು ಹೆಡಿಗೆಯ ಬಳಿ ಮಣೆ ಹಾಕಿ ಕೂರುತ್ತೇನೆ. ಮೊಟ್ಟೆಯೊಳಗಿಂದ ಸಣ್ಣಗೆ ಚಿಂವ್ ಕೇಳುತ್ತದೆ. ಇಷ್ಟು ದಿನ ಕಂಡವರಿಗೆಲ್ಲ ಬುಸುಗುಟ್ಟಿದ ಅದೇ ಹೇಂಟೆ ತಲೆ ತಗ್ಗಿಸಿ, ಗಂಟಲೊಳಗೇ ಮೆತ್ತಗೆ ಗುರುಗುಟ್ಟಿ ಉತ್ತರ ಕೊಡುತ್ತದೆ. ಚಿಪ್ಪು ಬಿಡಿಸಿ ಸಹಾಯ ಮಾಡಲು ಕೈ ತುರಿಸುತ್ತದೆ, ಮಾಡಬೇಡಿ, ರಕ್ತ ಬರುತ್ತದೆ. ಹುಟ್ಟಿದ ಮರಿಯ ಹೊಟ್ಟೆಯಲ್ಲಿ ಹಳದಿ ಭಂಡಾರ ಉಳಿದಿರುವುದರಿಂದ ಮೊದಲ ದಿನ ಹಸಿವಿನ ಚಿಂತೆ ಬೇಡ. ತಾಯಿ ಇಳಿಸಿದ ಮೇಲೆ ಅಕ್ಕಿ ನುಚ್ಚು ಹರಡಿ, ಚಪ್ಪಟೆ ತಟ್ಟೆಯಲ್ಲಿ ನೀರಿಟ್ಟು, ಮರಿ ಮುಳುಗದ ಹಾಗೆ ನಾಲ್ಕು ಸಣ್ಣ ಕಲ್ಲು ಹಾಕಿ. ಆಕಾಶದಲ್ಲಿ ಗಿಡುಗ ಸುತ್ತುವ ಹೊತ್ತಿಗೆ ಮೇಲೆ ಒಂದು ಬುಟ್ಟಿ ಕವುಚಿಡಿ.

ಸೊಸೆ ಮರಿ ಬೇಕೆಂದಳು. ಅಡಿಕೆ ತೆಗೆದು ಹತ್ತು ಮೊಟ್ಟೆ ಇಟ್ಟಿದ್ದೇವೆ, ಗುರುತು ಹಾಕಿದವಳು ಅವಳೇ.