ಇಂಗ್ಲಿಷ್‌ನಲ್ಲಿ ಕಾಮಾ ಎಲ್ಲಿ? ಉಸಿರನ್ನು ಕೇಳಬೇಡಿ, ಕ್ರಿಯಾಪದ ಹುಡುಕಿ

ಇಂಗ್ಲಿಷ್‌ನಲ್ಲಿ ಇಮೇಲ್ ಬರೆಯುವಾಗ ಸ್ಪೆಲಿಂಗ್ ತಪ್ಪಿದರೆ ಫೋನೇ ಕೆಂಪು ಗೆರೆ ಎಳೆದು ತೋರಿಸುತ್ತದೆ. ಕಾಮಾ ತಪ್ಪಿದರೆ ಎಷ್ಟೋ ಸಲ ಯಾರೂ ಹೇಳುವುದಿಲ್ಲ. ಓದುವವರು ಮಾತ್ರ ಒಂದು ಕ್ಷಣ ತಡವರಿಸಿ ಮುಂದಕ್ಕೆ ಹೋಗುತ್ತಾರೆ. ಕೆಲಸದ ಅರ್ಜಿಯಲ್ಲಿ ಹಾಗಾಗುವುದು ಒಳ್ಳೆಯದಲ್ಲ, ಅಲ್ವಾ?

‘ಉಸಿರು ನಿಲ್ಲಿಸುವ ಕಡೆ ಕಾಮಾ ಹಾಕು’ ಎಂದು ನಮ್ಮಲ್ಲಿ ಬಹಳ ಜನ ಶಾಲೆಯಲ್ಲಿ ಕಲಿತಿದ್ದೇವೆ. ಈ ಮಾತಿಗೆ ಹಳೆಯ ಬೇರು ಇದೆ. ಕ್ರಿ.ಪೂ. 200ರ ಹೊತ್ತಿಗೆ ಅಲೆಕ್ಸಾಂಡ್ರಿಯಾದ ಗ್ರಂಥಾಲಯದಲ್ಲಿದ್ದ ಅರಿಸ್ಟೋಫೇನಿಸ್ ಎಂಬ ಗ್ರೀಕ್ ವಿದ್ವಾಂಸ, ಗಟ್ಟಿಯಾಗಿ ಓದುವವರಿಗೆ ಎಲ್ಲಿ ಎಷ್ಟು ನಿಲ್ಲಬೇಕು ಎಂದು ತಿಳಿಸಲು ಚುಕ್ಕಿಗಳನ್ನು ಇಟ್ಟಿದ್ದ. ಈಗ ನಾವು ಮನಸ್ಸಿನಲ್ಲೇ ಓದುತ್ತೇವೆ. ಇಂದಿನ ಇಂಗ್ಲಿಷ್ ಕಾಮಾ ಹೆಚ್ಚಾಗಿ ವಾಕ್ಯದ ಕಟ್ಟನ್ನು ತೋರಿಸುವುದಕ್ಕೆ ಇದೆ. ಉಸಿರನ್ನು ನಂಬಿ ಹಾಕಿದರೆ ಅರ್ಧ ಸಲ ತಪ್ಪುತ್ತದೆ.

ಒಂದು ಕಲ್ಪನೆಯ ಅರ್ಜಿಯನ್ನೇ ಇಟ್ಟುಕೊಂಡು ನೋಡೋಣ. ಮಂಡ್ಯದ ಹುಡುಗಿ, ಬಿ.ಕಾಂ. ಮುಗಿದಿದೆ, ಮೈಸೂರಿನ ಒಂದು ಆಫೀಸಿನಲ್ಲಿ ಅಕೌಂಟ್ಸ್ ಕೆಲಸ ಖಾಲಿ ಇದೆ. ಅವಳು ಹೀಗೆ ಬರೆದಿದ್ದಾಳೆ ಅಂದುಕೊಳ್ಳಿ. ಹಾಳೆಯೊಂದರ ಮೇಲೆ ಇಂಗ್ಲಿಷ್ ಅಕ್ಷರದಲ್ಲೇ ಬರೆದುಕೊಂಡರೆ ನಿಮಗೆ ಸಲೀಸು.

“ಐ ಆಮ್ ಫ್ರಮ್ ಮಂಡ್ಯ, ಐ ಹ್ಯಾವ್ ಕಂಪ್ಲೀಟೆಡ್ ಬಿ.ಕಾಂ. ದಿ ಪೋಸ್ಟ್ ಅಡ್ವರ್ಟೈಸ್ಡ್ ಬೈ ಯುವರ್ ಆಫೀಸ್, ಈಸ್ ಸೂಟಬಲ್ ಫಾರ್ ಮಿ. ಐ ವಿಶ್ ಟು ಸೇ ದಟ್, ಐ ನೋ ಟ್ಯಾಲಿ ಎಕ್ಸೆಲ್ ಅಂಡ್ ಟೈಪಿಂಗ್. ಇಫ್ ಯು ಗಿವ್ ಮಿ ಎ ಚಾನ್ಸ್ ಐ ವಿಲ್ ವರ್ಕ್ ಹಾರ್ಡ್. ಮೈ ಬ್ರದರ್ ಹೂ ಲಿವ್ಸ್ ಇನ್ ಮೈಸೂರು ವಿಲ್ ಹೆಲ್ಪ್ ಮಿ ಫೈಂಡ್ ಎ ರೂಮ್. ಪ್ಲೀಸ್ ಕಾಲ್ ಮಿ ಸರ್.”

ಮೊದಲು ಎಲ್ಲ ಕಾಮಾ ಅಳಿಸಿ

ಹೌದು, ಎಲ್ಲವನ್ನೂ. ಆಮೇಲೆ ಪ್ರತಿ ವಾಕ್ಯದಲ್ಲೂ ಕ್ರಿಯಾಪದಕ್ಕೆ ಅಡಿಗೆರೆ ಎಳೆಯಿರಿ, ಅದರ ಕರ್ತೃ ಯಾರು ಎಂದು ಗುರುತಿಸಿ. ಕರ್ತೃ ಮತ್ತು ಕ್ರಿಯಾಪದದ ನಡುವೆ ಒಂಟಿ ಕಾಮಾ ಬರಬಾರದು. ಕರ್ತೃ ಎಷ್ಟೇ ಉದ್ದವಾಗಿದ್ದರೂ ಸರಿ. ‘ದಿ ಪೋಸ್ಟ್ ಅಡ್ವರ್ಟೈಸ್ಡ್ ಬೈ ಯುವರ್ ಆಫೀಸ್’ ಅಷ್ಟೂ ಸೇರಿ ಒಂದು ಕರ್ತೃ, ‘ಈಸ್’ ಅದರ ಕ್ರಿಯಾಪದ. ಕನ್ನಡದಲ್ಲಿ ಕರ್ತೃ ಉದ್ದವಾದರೆ ಒಂದು ಕಾಮಾ ಹಾಕಿ ಉಸಿರಾಡುತ್ತೇವೆ, ಯಾರೂ ತಪ್ಪು ಅನ್ನುವುದಿಲ್ಲ. ಇಂಗ್ಲಿಷ್‌ನಲ್ಲಿ ಅದು ಎದ್ದು ಕಾಣುವ ತಪ್ಪು.

‘ದಟ್’ ಕತೆಯೂ ಇಂಥದ್ದೇ. ‘ನಾನು ಹೇಳುವುದೇನೆಂದರೆ,’ ಎಂದು ಬರೆದು ಕಾಮಾ ಹಾಕುವ ಅಭ್ಯಾಸ ನಮಗೆ. ಅದೇ ಕೈ ‘ಐ ವಿಶ್ ಟು ಸೇ ದಟ್,’ ಎಂದು ಬರೆಯುತ್ತದೆ. ಸರ್ಕಾರಿ ಪತ್ರಗಳ ಧಾಟಿಯಲ್ಲಿ ಇದು ಜಾಸ್ತಿ. ಇಂಥ ‘ದಟ್’ ಆದಮೇಲೆ ಕಾಮಾ ಬೇಡ. ‘ಏಕೆಂದರೆ,’ ನೆನಪಿನಲ್ಲಿ ‘ಬಿಕಾಸ್,’ ಎಂದು ಬರೆಯುವುದೂ, ‘ಆದರೆ,’ ನೆನಪಿನಲ್ಲಿ ‘ಬಟ್,’ ಎಂದು ಬರೆಯುವುದೂ ಇದೇ ಜಾತಿಯ ತಪ್ಪು. ಈ ಮೂರನ್ನು ಬಿಟ್ಟರೇ ನಿಮ್ಮ ಇಂಗ್ಲಿಷ್ ಎಷ್ಟೋ ಚೊಕ್ಕವಾಗಿ ಕಾಣುತ್ತದೆ.

ಎರಡು ವಾಕ್ಯ ಸೇರಿಸಲು ಕಾಮಾ ಒಂದೇ ಸಾಲದು

‘ಐ ಆಮ್ ಫ್ರಮ್ ಮಂಡ್ಯ’ ಒಂದು ಪೂರ್ತಿ ವಾಕ್ಯ. ‘ಐ ಹ್ಯಾವ್ ಕಂಪ್ಲೀಟೆಡ್ ಬಿ.ಕಾಂ.’ ಇನ್ನೊಂದು. ಎರಡಕ್ಕೂ ತಮ್ಮದೇ ಕರ್ತೃ, ತಮ್ಮದೇ ಕ್ರಿಯಾಪದ ಇವೆ. ಇವನ್ನು ಬರೀ ಕಾಮಾದಿಂದ ಜೋಡಿಸುವಂತಿಲ್ಲ. ಫುಲ್‌ಸ್ಟಾಪ್ ಇಡಿ, ಇಲ್ಲವೇ ಕಾಮಾ ಜೊತೆಗೆ ‘ಅಂಡ್’, ‘ಬಟ್’, ‘ಆರ್’, ‘ಸೋ’ ಇಂಥದ್ದೊಂದನ್ನು ಸೇರಿಸಿ. ಆಗ ಕಾಮಾ ಆ ಪದಕ್ಕೆ ಮೊದಲು ಬರುತ್ತದೆ: “ಐ ವೆಂಟ್ ಟು ದೇವರಾಜ ಮಾರ್ಕೆಟ್, ಬಟ್ ದಿ ಶಾಪ್ ವಾಸ್ ಕ್ಲೋಸ್ಡ್.”

‘ಅಂಡ್’ ಕಂಡ ಕಡೆಯೆಲ್ಲ ಕಾಮಾ ಹಾಕಲು ಹೋಗಬೇಡಿ. “ಶಿ ಗಾಟ್ ಡೌನ್ ಅಟ್ ಮದ್ದೂರು ಅಂಡ್ ಬಾಟ್ ವಡೆ.” ಇಲ್ಲಿ ಇಳಿದವಳೂ ಅವಳೇ, ವಡೆ ಕೊಂಡವಳೂ ಅವಳೇ. ಎರಡನೇ ಕ್ರಿಯಾಪದಕ್ಕೆ ಬೇರೆ ಕರ್ತೃ ಇಲ್ಲ, ಹಾಗಾಗಿ ಕಾಮಾವೂ ಬೇಡ.

‘ಹೌಎವರ್’ ಮಾತ್ರ ‘ಬಟ್’ ಥರ ನಡೆದುಕೊಳ್ಳುವುದಿಲ್ಲ. ‘ಆದರೂ’ ಎಂಬ ಅರ್ಥದಲ್ಲಿ ಅದು ಹೊಸ ವಾಕ್ಯ ಶುರು ಮಾಡಿದರೆ, ಹಿಂದಿನ ವಾಕ್ಯಕ್ಕೆ ಫುಲ್‌ಸ್ಟಾಪ್ ಇಟ್ಟು ‘ಹೌಎವರ್,’ ಎಂದು ಕಾಮಾ ಸಹಿತ ಬರೆಯಿರಿ.

‘ಇಫ್’ ಮುಂದೆ ಬಂದರೆ ಕಾಮಾ

ಇಲ್ಲಿ ಕನ್ನಡದ ಕಿವಿ ನೆರವಿಗೆ ಬರುತ್ತದೆ. ‘ಅವಕಾಶ ಕೊಟ್ಟರೆ, ಚೆನ್ನಾಗಿ ಕೆಲಸ ಮಾಡುತ್ತೇನೆ’ ಅನ್ನುವ ಹಾಗೆಯೇ “ಇಫ್ ಯು ಗಿವ್ ಮಿ ಎ ಚಾನ್ಸ್, ಐ ವಿಲ್ ವರ್ಕ್ ಹಾರ್ಡ್.” ‘ವೆನ್’, ‘ಆಲ್ದೋ’, ‘ಆಫ್ಟರ್’ ಇವುಗಳಿಂದ ಶುರುವಾಗುವ ತುಂಡು ವಾಕ್ಯಗಳಿಗೂ ಇದೇ ಲೆಕ್ಕ. ತಿರುಗಿಸಿ ಬರೆದರೆ ಸಾಮಾನ್ಯವಾಗಿ ಕಾಮಾ ಬೇಡ: “ಐ ವಿಲ್ ವರ್ಕ್ ಹಾರ್ಡ್ ಇಫ್ ಯು ಗಿವ್ ಮಿ ಎ ಚಾನ್ಸ್.”

ಅಣ್ಣ ಒಬ್ಬನೋ, ಇಬ್ಬರೋ?

ನಿಜವಾಗಿ ತಲೆ ಕೆಡಿಸುವ ಜಾಗ ಇದು. ‘ಮೈಸೂರಿನಲ್ಲಿರುವ ನನ್ನ ಅಣ್ಣ’ ಅಂದರೆ ಅಣ್ಣ ಒಬ್ಬನೇ ಇದ್ದಾನೋ, ಇನ್ನೊಬ್ಬ ಮಂಡ್ಯದಲ್ಲಿದ್ದಾನೋ, ಕನ್ನಡ ವಾಕ್ಯ ಹೇಳುವುದಿಲ್ಲ. ಇಂಗ್ಲಿಷ್‌ನಲ್ಲಿ ಅದನ್ನು ಕಾಮಾ ಹೇಳುತ್ತದೆ. “ಮೈ ಬ್ರದರ್, ಹೂ ಲಿವ್ಸ್ ಇನ್ ಮೈಸೂರು, ವಿಲ್ ಹೆಲ್ಪ್ ಮಿ” ಅಂದರೆ ಅಣ್ಣ ಒಬ್ಬನೇ, ಅವನು ಮೈಸೂರಿನಲ್ಲಿದ್ದಾನೆ ಎಂಬುದು ಜೊತೆಗೆ ಹೇಳಿದ ಮಾತು. ಕಾಮಾ ಇಲ್ಲದೆ ಬರೆದರೆ, ಇರುವ ಅಣ್ಣಂದಿರಲ್ಲಿ ಮೈಸೂರಿನವನು ಎಂದಾಗುತ್ತದೆ.

ಪರೀಕ್ಷೆ ಸುಲಭ. ‘ಹೂ’ ಅಥವಾ ‘ವಿಚ್’ನಿಂದ ಶುರುವಾದ ತುಂಡನ್ನು ಬೆರಳಿನಿಂದ ಮುಚ್ಚಿ ಓದಿ. ಯಾರು, ಯಾವುದು ಎಂಬುದು ಆಗಲೂ ಗೊತ್ತಾದರೆ ಎರಡೂ ಕಡೆ ಕಾಮಾ ಹಾಕಿ. ಗೊತ್ತಾಗದಿದ್ದರೆ ಹಾಕಬೇಡಿ. “ದಿ ಯೂನಿವರ್ಸಿಟಿ ಆಫ್ ಮೈಸೂರ್, ವಿಚ್ ವಾಸ್ ಫೌಂಡೆಡ್ ಇನ್ 1916, ಹ್ಯಾಸ್ ಇಟ್ಸ್ ಮೇನ್ ಕ್ಯಾಂಪಸ್ ಅಟ್ ಮಾನಸಗಂಗೋತ್ರಿ.” ಹೆಸರೇ ಇರುವುದರಿಂದ 1916ರ ಮಾತು ತೆಗೆದರೂ ಯಾವ ವಿಶ್ವವಿದ್ಯಾಲಯ ಎಂಬ ಅನುಮಾನವಿಲ್ಲ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ ಎಂದು ಸೇರಿಸುವುದಾದರೆ ಅದಕ್ಕೂ ಹೀಗೇ ಎರಡು ಕಾಮಾ ಬೇಕು.

ಈಗ ಇದನ್ನು ನೋಡಿ: “ಫಾರ್ಮರ್ಸ್ ಹೂ ಗ್ರೋ ಶುಗರ್‌ಕೇನ್ ನೀಡ್ ಮೋರ್ ವಾಟರ್.” ಕಬ್ಬು ಬೆಳೆಯುವ ರೈತರಿಗೆ ಹೆಚ್ಚು ನೀರು ಬೇಕು. ಸರಿಯಾಗಿದೆ. ‘ಫಾರ್ಮರ್ಸ್’ ಆದಮೇಲೆ ಒಂದು, ‘ಶುಗರ್‌ಕೇನ್’ ಆದಮೇಲೆ ಒಂದು ಕಾಮಾ ಹಾಕಿಬಿಟ್ಟರೆ ಲೋಕದ ರೈತರೆಲ್ಲ ಕಬ್ಬು ಬೆಳೆಯುವವರಾಗುತ್ತಾರೆ. ರಾಗಿ, ರೇಷ್ಮೆ ಬೆಳೆಯುವವರು ಎಲ್ಲಿಗೆ ಹೋಗಬೇಕು?

ಈ ಕಾಮಾಗಳು ಜೋಡಿಯಾಗಿಯೇ ಬರುತ್ತವೆ. ಮೊದಲನೆಯದನ್ನು ಹಾಕಿ ಎರಡನೆಯದನ್ನು ಮರೆಯುವುದು ಬಹಳ ಸಾಮಾನ್ಯ. ಊರು, ರಾಜ್ಯ ಒಟ್ಟಿಗೆ ಬರೆಯುವಾಗಲೂ ಹಾಗೆ: “ಐ ಕೇಮ್ ಫ್ರಮ್ ಮಂಡ್ಯ, ಕರ್ನಾಟಕ, ಬೈ ಟ್ರೇನ್.”

ಪಟ್ಟಿಯಲ್ಲಿ ಕೊನೆಯ ಕಾಮಾ

‘ಟ್ಯಾಲಿ, ಎಕ್ಸೆಲ್ ಅಂಡ್ ಟೈಪಿಂಗ್’ ಎಂದು ಬರೆಯಬಹುದು. ‘ಟ್ಯಾಲಿ, ಎಕ್ಸೆಲ್, ಅಂಡ್ ಟೈಪಿಂಗ್’ ಎಂದೂ ಬರೆಯಬಹುದು. ‘ಅಂಡ್’ಗೆ ಮೊದಲು ಬರುವ ಈ ಕಾಮಾಕ್ಕೆ ಆಕ್ಸ್‌ಫರ್ಡ್ ಕಾಮಾ ಎನ್ನುತ್ತಾರೆ. ನಮ್ಮ ಪಠ್ಯಪುಸ್ತಕ, ಪತ್ರಿಕೆಗಳಲ್ಲಿ ಇದು ಕಡಿಮೆ. ಅಮೆರಿಕದ ಪುಸ್ತಕಗಳಲ್ಲಿ ಜಾಸ್ತಿ. ಎರಡರಲ್ಲಿ ಒಂದನ್ನು ಹಿಡಿದು ಕೊನೆವರೆಗೂ ಅದನ್ನೇ ಪಾಲಿಸಿ. ಆದರೆ ಗೊಂದಲವಾಗುವ ಕಡೆ ಹಾಕುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಹಾಲಿನ ಲಾರಿಗಳನ್ನು ದಿನಾ ನೋಡುವ ಮಂಡ್ಯದವರಿಗೆ ಇದಕ್ಕೊಂದು ಕತೆ ಇದೆ. ಅಮೆರಿಕದ ಮೇನ್ ರಾಜ್ಯದಲ್ಲಿ ಓಕ್‌ಹರ್ಸ್ಟ್ ಎಂಬ ಡೈರಿಯ ಚಾಲಕರು ಓವರ್‌ಟೈಮ್ ಹಣ ಕೇಳಿ ಕೋರ್ಟಿಗೆ ಹೋದರು. ಯಾವ ಕೆಲಸಗಳಿಗೆ ಓವರ್‌ಟೈಮ್ ಇಲ್ಲ ಎಂದು ಕಾನೂನಿನಲ್ಲಿ ಒಂದು ಪಟ್ಟಿ ಇತ್ತು. ಅದರ ಕೊನೆಯಲ್ಲಿ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’ ಎಂದಿತ್ತು. ‘ಆರ್’ಗೆ ಮೊದಲು ಕಾಮಾ ಇರಲಿಲ್ಲ. ಡಿಸ್ಟ್ರಿಬ್ಯೂಷನ್ ಬೇರೆ ಕೆಲಸವೋ, ಇಲ್ಲಾ ಡಿಸ್ಟ್ರಿಬ್ಯೂಷನ್‌ಗಾಗಿ ಪ್ಯಾಕ್ ಮಾಡುವುದು ಎಂದೋ? ಚಾಲಕರು ಸಾಗಿಸುತ್ತಿದ್ದರೇ ಹೊರತು ಪ್ಯಾಕ್ ಮಾಡುತ್ತಿರಲಿಲ್ಲ. ವಾಕ್ಯ ಅಸ್ಪಷ್ಟವಾಗಿದೆ ಎಂದು 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಚಾಲಕರ ಕಡೆ ನಿಂತಿತು. ಮರುವರ್ಷ 50 ಲಕ್ಷ ಡಾಲರ್‌ಗೆ ರಾಜಿಯಾಯಿತು.

‘ಸರ್’ಗೆ ಮೊದಲು

ಅರ್ಜಿಯ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ‘ಪ್ಲೀಸ್ ಕಾಲ್ ಮಿ ಸರ್.’ ‘ನನ್ನನ್ನು ಸರ್ ಎಂದು ಕರೆಯಿರಿ’ ಎಂದು ಹುಡುಗಿ ಕೇಳಿಕೊಂಡಂತಾಯಿತು! ಯಾರನ್ನಾದರೂ ಉದ್ದೇಶಿಸಿ ಮಾತಾಡುವಾಗ ಅವರ ಹೆಸರಿಗೋ, ಸರ್, ಮೇಡಂಗೋ ಮೊದಲು ಕಾಮಾ ಬೇಕು. ‘ಥ್ಯಾಂಕ್ ಯು, ಸರ್.’ ‘ಗುಡ್ ಮಾರ್ನಿಂಗ್, ಮೇಡಂ.’ ವಾಟ್ಸ್‌ಆ್ಯಪ್‌ನಲ್ಲಿ ಬಿಟ್ಟರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅರ್ಜಿಯಲ್ಲಿ ಬಿಡಬೇಡಿ.

ಎಲ್ಲ ತಿದ್ದಿದ ಮೇಲೆ ಅರ್ಜಿ ಹೀಗಾಗುತ್ತದೆ:

“ಐ ಆಮ್ ಫ್ರಮ್ ಮಂಡ್ಯ, ಅಂಡ್ ಐ ಹ್ಯಾವ್ ಕಂಪ್ಲೀಟೆಡ್ ಬಿ.ಕಾಂ. ದಿ ಪೋಸ್ಟ್ ಅಡ್ವರ್ಟೈಸ್ಡ್ ಬೈ ಯುವರ್ ಆಫೀಸ್ ಈಸ್ ಸೂಟಬಲ್ ಫಾರ್ ಮಿ. ಐ ನೋ ಟ್ಯಾಲಿ, ಎಕ್ಸೆಲ್ ಅಂಡ್ ಟೈಪಿಂಗ್. ಇಫ್ ಯು ಗಿವ್ ಮಿ ಎ ಚಾನ್ಸ್, ಐ ವಿಲ್ ವರ್ಕ್ ಹಾರ್ಡ್. ಮೈ ಬ್ರದರ್, ಹೂ ಲಿವ್ಸ್ ಇನ್ ಮೈಸೂರು, ವಿಲ್ ಹೆಲ್ಪ್ ಮಿ ಫೈಂಡ್ ಎ ರೂಮ್. ಪ್ಲೀಸ್ ಕಾಲ್ ಮಿ, ಸರ್.”

‘ಐ ವಿಶ್ ಟು ಸೇ ದಟ್’ ಪೂರ್ತಿ ಹೋಗಿದೆ. ಸುಮ್ನೆ ಜಾಗ ತಿನ್ನುತ್ತಿತ್ತು.

ಅಂಕಿ, ತಾರೀಕು

ಹನ್ನೆರಡೂವರೆ ಲಕ್ಷವನ್ನು ನಾವು 12,50,000 ಎಂದು ಬರೆಯುತ್ತೇವೆ. ಬಲದಿಂದ ಮೂರು ಅಂಕಿಗೆ ಒಂದು ಕಾಮಾ, ಆಮೇಲೆ ಎರಡೆರಡಕ್ಕೆ. ಅಮೆರಿಕ, ಬ್ರಿಟನ್ನಿನವರು ಅದನ್ನೇ 1,250,000 ಎಂದು ಮೂರು ಮೂರಕ್ಕೆ ಒಡೆಯುತ್ತಾರೆ. ಇಲ್ಲಿನ ಬ್ಯಾಂಕಿಗೆ ನಮ್ಮ ಕ್ರಮ, ಹೊರದೇಶದ ಕಂಪನಿಗೆ ಬಿಲ್ ಕಳಿಸುವಾಗ ಅವರ ಕ್ರಮ ಅನುಸರಿಸಿ. ಒಂದೇ ಬಿಲ್ಲಿನಲ್ಲಿ ಎರಡೂ ಬೇಡ. ತಾರೀಕನ್ನು ‘15 ಆಗಸ್ಟ್ 1947’ ಎಂದು ಬರೆದರೆ ಕಾಮಾ ಬೇಕಿಲ್ಲ. ಅಮೆರಿಕದವರಂತೆ ತಿಂಗಳನ್ನು ಮುಂದಿಟ್ಟರೆ ‘ಆಗಸ್ಟ್ 15, 1947’ ಎಂದು ಕಾಮಾ ಬರುತ್ತದೆ. ವಾಕ್ಯ ಅಲ್ಲಿಗೇ ಮುಗಿಯದಿದ್ದರೆ ಇಸವಿಯ ನಂತರವೂ ಒಂದು ಹಾಕಿ.